ಅಂತರಿಕ್ಷದಲ್ಲಿ ಮಡಿ ಅಡುಗೆ

ನೀವು ಏನು ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಕೇಳಿದವರ ಮೇಲಲ್ಲ, ಕೊಡಬೇಕಾದ ಉತ್ತರದ ಮೇಲೆ. ಕಥೆ ಎಂದರೆ ಒಂದು ಮಾತಿಗೆ ಮುಗಿಯುತ್ತದೆ, ಕಾದಂಬರಿ ಎಂದರೂ ಮುಗಿಯುತ್ತದೆ. ನಾನು ಬರೆಯುತ್ತಿದ್ದುದು ಟಿವಿಯಲ್ಲಿ ಬರುವ ಒಂದು ಧಾರಾವಾಹಿಯ ಪುಸ್ತಕಗಳನ್ನು. ಅಲ್ಲಿ ಬಂದ ಕಥೆಯನ್ನೇ ಮತ್ತೆ ಬರೆಯುವುದಲ್ಲ, ಅಲ್ಲಿ ಬಾರದೆ ಉಳಿದದ್ದನ್ನು ಬರೆಯುವುದು. ಒಂದು ಕಂತು ಮುಗಿದು ಇನ್ನೊಂದು ಶುರುವಾಗುವ ನಡುವೆ ಆ ಪಾತ್ರಗಳು ಏನು ಮಾಡಿಕೊಂಡಿದ್ದರು ಎಂದು ಊಹಿಸಿ ಒಂದೊಂದು ಪುಸ್ತಕ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು "ಓಹೋ" ಎಂದು ಊಟದ ಸಾಲಿನ ಕಡೆ ನೋಡುತ್ತಿದ್ದರು. ನೆಂಟರ ಮದುವೆಗಳಲ್ಲಿ ಅಂಥ ಓಹೋಗಳನ್ನು ಬೇಕಾದಷ್ಟು ಕೇಳಿದ್ದೇನೆ.

ಧಾರಾವಾಹಿ ವೈಜ್ಞಾನಿಕ ಕಥೆಯದು. ಭೂಮಿ ಬಿಟ್ಟು ಹೊರಟ ಒಂದು ದೊಡ್ಡ ಹಡಗು, ಅದರೊಳಗೆ ಒಂದು ಊರಿನಷ್ಟು ಜನ. ಇಳಿಯಲು ಜಾಗ ಸಿಗದೆ ನಕ್ಷತ್ರಗಳ ನಡುವೆ ಅಲೆಯುತ್ತಾರೆ. ಹಡಗಿಗೆ ಒಬ್ಬಳು ನಾಯಕಿ, ಅವಳಿಗೆ ಎದುರಾಡುವ ಒಬ್ಬ ಎಂಜಿನಿಯರು, ಅರ್ಧ ಯಂತ್ರವಾಗಿರುವ ಒಬ್ಬ ವೈದ್ಯ. ಮೂಲ ಹಿಂದಿಯದು, ಕನ್ನಡಕ್ಕೂ ತೆಲುಗಿಗೂ ಡಬ್ ಆಗುತ್ತಿತ್ತು. ಅದು ಜನಪ್ರಿಯವಾದಾಗ ಅದನ್ನು ತಯಾರಿಸುತ್ತಿದ್ದ ಮುಂಬಯಿಯ ಕಂಪನಿಯವರು ಒಂದೊಂದು ಭಾಷೆಯಲ್ಲೂ ಬೇರೆ ಬೇರೆ ಕಥೆಯ ಪುಸ್ತಕ ಮಾಲೆ ತರಬೇಕೆಂದರು. ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲೆ ಕಚೇರಿ ಇಟ್ಟುಕೊಂಡಿದ್ದ ತೆಲುಗು ಪ್ರಕಾಶಕರೊಬ್ಬರು, ತೆಲುಗಿನ ಜೊತೆಗೆ ಕನ್ನಡವೂ ನಮ್ಮಲ್ಲೇ ಆಗುತ್ತದೆ ಎಂದು ಒಪ್ಪಿಕೊಂಡುಬಿಟ್ಟರು. ಒಪ್ಪಿಕೊಂಡ ಮೇಲೆ ಕನ್ನಡ ಬರೆಯುವವರು ಎಲ್ಲಿದ್ದಾರೆಂದು ಹುಡುಕತೊಡಗಿದರು. ಆಗ ನಾನು ಔಷಧಿ ಡಬ್ಬಿಯೊಳಗಿನ ಚೀಟಿಗಳನ್ನೂ ಮಿಕ್ಸರ್ ಜೊತೆ ಬರುವ ಸೂಚನೆಗಳನ್ನೂ ಕನ್ನಡಕ್ಕೆ ಮಾಡಿಕೊಡುತ್ತಿದ್ದೆ. ಮಿಕ್ಸರಿನಿಂದ ಅಂತರಿಕ್ಷಕ್ಕೆ ಹೀಗೆ ಬಡ್ತಿ ಸಿಕ್ಕಿತು.

ಮೊದಲ ದಿನವೇ ನಿಯಮಗಳನ್ನು ಹೇಳಿದರು. ಧಾರಾವಾಹಿಯಲ್ಲಿ ಇರುವ ಯಾರೂ ಪುಸ್ತಕದಲ್ಲಿ ಸಾಯಬಾರದು. ಯಾರಿಗೂ ಮದುವೆ ಮಾಡಿಸಬಾರದು. ಯಾರ ಗುಟ್ಟೂ ಯಾರಿಗೂ ತಿಳಿಯಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ ಕಡೆಯದು. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಎಲ್ಲರೂ ಮೊದಲ ಪುಟದಲ್ಲಿ ಹೇಗಿದ್ದರೋ ಹಾಗೆಯೇ ಇರಬೇಕು. ಪುಸ್ತಕ ಓದದೆ ಬರೀ ಟಿವಿ ನೋಡುವವರಿಗೂ ಮುಂದಿನ ಕಂತು ಅರ್ಥವಾಗಬೇಕಲ್ಲ, ಅದಕ್ಕೆ. ಒಬ್ಬನ ಕಾಲು ಮುರಿದರೆ ಪುಸ್ತಕ ಮುಗಿಯುವುದರೊಳಗೆ ಕೂಡಿಕೊಳ್ಳಬೇಕು. ಮೊದಲೇ ಜಗಳವಾಡಿಕೊಂಡವರು ರಾಜಿಯಾದರೆ ಮತ್ತೆ ಜಗಳವಾಡಬೇಕು. ಹೋದ ಪುಟ್ಟ, ಬಂದ ಪುಟ್ಟ. ಒಮ್ಮೆ ನಾಯಕಿಗೆ ನೆಗಡಿ ಬರಿಸಿದ್ದೆ. ಮುಂದಿನ ಕಂತಿನಲ್ಲಿ ಅವಳ ದನಿ ಚೆನ್ನಾಗಿಯೇ ಇದೆ, ನೆಗಡಿ ತೆಗೆಯಿರಿ ಎಂದು ಮುಂಬಯಿಯಿಂದ ಹೇಳಿಕಳಿಸಿದರು. ತೆಗೆದೆ.

ಏನೂ ಆಗಬಾರದ ಕಥೆಯನ್ನು ಪುಸ್ತಕದುದ್ದಕ್ಕೂ ಎಳೆಯುವುದು ಎಂಥ ಶಿಕ್ಷೆ ಎಂದು ಬರೆದವರಿಗೇ ಗೊತ್ತು. ಕಚೇರಿಯಿಂದ ಮನೆಗೆ ಬರುವಾಗ ಆಟೋದಲ್ಲಿ ಕೂತು ನಾಯಕಿಯನ್ನು ಎಷ್ಟೋ ಸಲ ಕೊಂದಿದ್ದೇನೆ. ಮನೆ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ. ಅಜ್ಜ ಕಲಬುರಗಿಯ ಕಡೆಯಿಂದ ಸರ್ಕಾರಿ ನೌಕರಿಗೆಂದು ಬಂದು ಕಟ್ಟಿಸಿದ್ದು. ಅಪ್ಪನೂ ಇಲ್ಲೇ ನೌಕರಿ ಮಾಡಿ ಮುಗಿಸಿದರು. ಈಗ ಇರುವವರು ಇಬ್ಬರೇ, ನಾನು ಮತ್ತು ಅತ್ಯಾ.

ಅತ್ಯಾ ಎಂದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ. ಮದುವೆಯಾದ ವರ್ಷದೊಳಗೇ ಗಂಡ ತೀರಿಕೊಂಡು ತವರಿಗೆ ಮರಳಿದವರು. ಅಂದಿನಿಂದ ಈ ಮನೆಯ ಒಲೆ ಅವರದು. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಹಾಕಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡು ಅಡುಗೆಮನೆ ಹೊಕ್ಕರೆಂದರೆ ಮುಗಿಯಿತು. ಅಡುಗೆಯಾಗಿ ದೇವರ ನೈವೇದ್ಯವಾಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರೂ ಯಾರನ್ನೂ ಮುಟ್ಟುವುದಿಲ್ಲ. ಅಪ್ಪಿತಪ್ಪಿ ಮುಟ್ಟಿದರೆ ಮತ್ತೆ ಸ್ನಾನ, ಮತ್ತೆ ಮಡಿ, ಮೊದಲಿನಿಂದ ಎಲ್ಲ. ನನಗೆ ಇದರ ಮೇಲೆ ನಂಬಿಕೆಯೂ ಇಲ್ಲ, ಪ್ರೀತಿಯೂ ಇಲ್ಲ. ಚಿಕ್ಕವಳಿದ್ದಾಗ ಜ್ವರ ಬಂದು ಮಲಗಿದಾಗಲೂ ಅತ್ಯಾ ಹೊಸ್ತಿಲ ಆಚೆ ನಿಂತೇ "ಈಗ ಹ್ಯಾಂಗದ" ಎಂದು ಕೇಳುತ್ತಿದ್ದರು. ನೈವೇದ್ಯ ಆದ ಮೇಲೆ ಬಂದು ಹಣೆ ಮುಟ್ಟುತ್ತಿದ್ದರು. ಅಷ್ಟು ಹೊತ್ತು ನಾನು ದೇವರ ಮೇಲೆ ಹಲ್ಲು ಕಡಿಯುತ್ತ ಮಲಗಿರುತ್ತಿದ್ದೆ.

ಅತ್ಯಾಗೆ ಆ ಧಾರಾವಾಹಿ ಎಂದರೆ ಭಾಳ ಇಷ್ಟ. ಓದಲು ಕಣ್ಣು ಸಾಲದು, ಆದರೆ ಟಿವಿಗೆ ಸಾಕು. ಮಧ್ಯಾಹ್ನದ ಮರುಪ್ರಸಾರವನ್ನು ಒಂದೂ ಬಿಡದೆ ನೋಡುತ್ತಿದ್ದರು. ಡಬ್ಬಿಂಗಿನ ಕನ್ನಡ ಕೇಳಿ ನಗುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದರು.

"ಇವರು ಉಣ್ಣೋದು ಯಾವಾಗ?"

"ಯಾರರಿ?"

"ಈ ಹಡಗಿನವರು. ಹಗಲೆಲ್ಲಾ ಓಡ್ತಾರ, ಗುಂಡು ಹಾರಸ್ತಾರ, ಒದರ್ತಾರ. ಒಂದು ತುತ್ತು ಬಾಯಾಗ ಹಾಕೋದು ನಾ ನೋಡಿಲ್ಲ. ಇಷ್ಟು ಮಂದಿಗೆ ಅಡಗಿ ಮಾಡವರು ಯಾರು? ಒಲಿ ಅದನೋ ಇಲ್ಲೋ?"

ನಾನು ನಿಯಮಗಳನ್ನೆಲ್ಲ ನೆನಪು ಮಾಡಿಕೊಂಡೆ. ಧಾರಾವಾಹಿಯಲ್ಲಿ ಇರುವವರನ್ನು ಬದಲಿಸಬಾರದು ಎಂದಿತ್ತು. ಇಲ್ಲದವರನ್ನು ತರಬಾರದು ಎಂದು ಎಲ್ಲೂ ಇರಲಿಲ್ಲ. ಮರುದಿನ ಕೂತು ಆ ಹಡಗಿನ ತಳದಲ್ಲಿ ಒಂದು ಅಡುಗೆಮನೆ ಕಟ್ಟಿದೆ. ಅದರಲ್ಲಿ ಒಬ್ಬ ವಯಸ್ಸಾದ ಹೆಂಗಸನ್ನು ನಿಲ್ಲಿಸಿದೆ. ಭೂಮಿಯಿಂದ ಹೊರಡುವಾಗ ಅವಳು ಜೊತೆಗೆ ತಂದದ್ದು ಒಂದು ಹಂಚು, ಒಂದು ಮಡಿ ಸೀರೆ. ಅಡುಗೆ ಮುಗಿಯುವ ತನಕ ಯಾರನ್ನೂ ಮುಟ್ಟಿಸಿಕೊಳ್ಳುವುದಿಲ್ಲ. ಅವಳಿಗೆ ಹೆಸರೂ ಇಡಲಿಲ್ಲ. ಹಡಗಿನವರೆಲ್ಲ ಅವಳನ್ನು ಅಡುಗೆಯಾಕೆ ಎನ್ನುತ್ತಾರೆ.

ಮೊದಲ ಪುಸ್ತಕ ಅಚ್ಚಾಗಿ ಬಂದ ಮೇಲೆ ಅತ್ಯಾಗೆ ಓದಿ ಹೇಳಿದೆ. ನಾಯಕಿಯ ಸಾಹಸಗಳು ಬಂದಾಗ ಅವರು ತೂಕಡಿಸಿದರು. ಅಡುಗೆಯಾಕೆ ಬಂದಾಗ ಎದ್ದು ಕೂತರು. "ಇಕಿ ನಮ್ಮಾಕಿ" ಎಂದರು. ಆಮೇಲೆ ಅವರ ಬಾಯಲ್ಲಿ ಅವಳ ಹೆಸರು ಅದೇ ಆಯಿತು. ನಮ್ಮಾಕಿ ಇವತ್ತು ಏನು ಮಾಡಿದಳು, ನಮ್ಮಾಕಿಗೆ ಜೋಳದ ಹಿಟ್ಟು ಎಲ್ಲಿಂದ ಬಂತು, ನಮ್ಮಾಕಿ ಏಕಾದಶಿ ಹಿಡಿಯುವುದು ಹೇಗೆ, ಅಲ್ಲಿ ಚಂದ್ರನೇ ಇಲ್ಲವಲ್ಲ.

ಒಂದು ತೊಡಕನ್ನು ಅವರೇ ಬಿಡಿಸಿಕೊಟ್ಟರು. ಆ ಹಡಗಿನಲ್ಲಿ ಶಕ್ತಿ ಉಳಿಸಲೆಂದು ಆಗಾಗ ತೂಕ ಹೋಗುವಂತೆ ಮಾಡುತ್ತಾರೆ, ಆಗ ಜನ, ಪಾತ್ರೆ, ಎಲ್ಲವೂ ತೇಲತೊಡಗುತ್ತವೆ. ತೇಲುವ ಜನ ಒಬ್ಬರಿಗೊಬ್ಬರು ತಾಕದೆ ಇರುವುದು ಹೇಗೆ? ಮಡಿಯಲ್ಲಿರುವ ಅಡುಗೆಯಾಕೆಯ ಮೇಲೆ ಯಾರಾದರೂ ತೇಲಿಕೊಂಡು ಬಂದು ಬಿದ್ದರೆ? ನಾನು ಇದನ್ನು ತಮಾಷೆಗೆ ಕೇಳಿದ್ದೆ. ಅತ್ಯಾ ತಮಾಷೆ ಮಾಡಲಿಲ್ಲ.

"ಮಡಿಕೋಲು ಕೈಯಾಗ ಇಟಗೊಂಡಿರಲಿ. ಬಂದವರನ್ನ ದೂರಿಂದನ ಮೆಲ್ಲಗ ದೂಡಲಿ. ಬಡೀಬಾರದು ಮತ್ತ, ಬರೇ ದೂಡಬೇಕು."

ಎರಡನೆಯ ಪುಸ್ತಕದಲ್ಲಿ ಹಾಗೆಯೇ ಬರೆದೆ. ಅಡುಗೆಮನೆಗೆ ತೇಲಿಬಂದ ನಾಯಕಿಯನ್ನೇ ಅವಳು ಕೋಲಿನಿಂದ ಆಚೆ ದೂಡುತ್ತಾಳೆ. ಕಚೇರಿಗೆ ಬಂದ ಓದುಗರ ಪತ್ರಗಳಲ್ಲಿ ನಾಯಕಿಯ ಬಗ್ಗೆ ಇದ್ದದ್ದಕ್ಕಿಂತ ಕೋಲಿನ ಬಗ್ಗೆಯೇ ಹೆಚ್ಚಿತ್ತು. ನನ್ನ ಜೀವನದಲ್ಲಿ ನಾನು ಬರೆದದ್ದು ಒಂದು ಬೇರು ಬಿಟ್ಟಿದೆ ಎನ್ನಿಸಿದ್ದು ಆಗ.

ಆ ಬೇಸಿಗೆಯಲ್ಲಿ ನಮ್ಮ ಪಕ್ಕದ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಕೆಲಸಕ್ಕೆ ಬಂದವರೆಲ್ಲ ನಮ್ಮ ಕಡೆಯವರೇ. ಅವರಲ್ಲಿ ಯಾದಗಿರಿ ಕಡೆಯ ಒಬ್ಬಳು, ಮೂವತ್ತರ ಆಸುಪಾಸಿನವಳು, ದಿನಾ ನಮ್ಮ ಗೇಟಿನ ಹತ್ತಿರ ಬಂದು ನೀರು ಕೇಳುತ್ತಿದ್ದಳು. ಮನೆಯ ಹೊರಗೆ ಕನ್ನಡ ಕೇಳಿಸುವುದೇ ಅಪರೂಪವಾದ್ದರಿಂದ ಅತ್ಯಾ ನೀರಿನ ನೆಪದಲ್ಲಿ ಅವಳನ್ನು ತಾಸುಗಟ್ಟಲೆ ನಿಲ್ಲಿಸಿಕೊಳ್ಳುತ್ತಿದ್ದರು. ಮೇಸ್ತ್ರಿ ಬೈಯುತ್ತಾನೆಂದು ಅವಳು ಓಡುತ್ತಿದ್ದಳು. ಅತ್ಯಾ ಮೇಸ್ತ್ರಿಯನ್ನು ಬೈಯುತ್ತಿದ್ದರು.

ಒಂದು ದಿನ ಬಿಸಿಲು ಏರಿದ ಹೊತ್ತಿನಲ್ಲಿ ಅವಳು ನೀರಿಗೆಂದು ಬಂದವಳು ನಮ್ಮ ಮೆಟ್ಟಿಲ ಮೇಲೆ ಕುಸಿದುಬಿದ್ದಳು. ನಾನು ಹಿಂದಿನ ಕೋಣೆಯಲ್ಲಿದ್ದೆ. ಅತ್ಯಾ "ಏ ಹುಡುಗೀ, ಬಾ ಲಗೂ" ಎಂದು ಒದರಿದ್ದು ಕೇಳಿ ಓಡಿದೆ. ಅತ್ಯಾ ಮಡಿಯಲ್ಲಿದ್ದರು. ನೈವೇದ್ಯ ಇನ್ನೂ ಆಗಿರಲಿಲ್ಲ. ಕೈಯಲ್ಲಿ ನೀರಿನ ಚೊಂಬು ಹಿಡಿದು, ಹೊಸ್ತಿಲ ಒಳಗೇ ನಿಂತು, ಚೊಂಬನ್ನು ಮುಂದೆ ಚಾಚಿದ್ದರು. ಅವಳು ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಚೊಂಬಿಗೂ ಅವಳಿಗೂ ನಡುವೆ ಒಬ್ಬ ಮನುಷ್ಯ ಬಗ್ಗಿ ಕೂರುವಷ್ಟು ಜಾಗ. ನನ್ನನ್ನು ಕಂಡು ಅತ್ಯಾ ಚೊಂಬನ್ನು ಹೊಸ್ತಿಲ ಮೇಲೆ ಇಟ್ಟರು.

ನಾನು ಚೊಂಬು ಎತ್ತಿಕೊಂಡು ಅವಳ ಮುಖಕ್ಕೆ ನೀರು ಹೊಡೆದೆ. ಆಚೆಯಿಂದ ಬಂದ ಇನ್ನೊಬ್ಬ ಹೆಂಗಸು ತಲೆ ಎತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಬಿದ್ದವಳು ಎದ್ದು ಕೂತು, ನಾಚಿಕೊಂಡು, ಅತ್ಯಾರ ಕಡೆ ನೋಡಿ, "ಏನ್ ಆಗಿಲ್ರಿ ಅಮ್ಮಾರ, ಬಿಸಲಾಗ ಕಣ್ಣಿಗಿ ಕತ್ಲಿ ಬಂತ್ರಿ. ಈಗ ಆರಾಮ್ ಐತ್ರಿ" ಎಂದಳು. ಅತ್ಯಾ ಒಳಗೆ ಹೋಗಿ ಅಡುಗೆ ಮುಂದುವರಿಸಿದರು. ಮತ್ತೆ ಸ್ನಾನ ಮಾಡಬೇಕಾದ ಕಾರಣ ಇರಲಿಲ್ಲ, ಯಾರನ್ನೂ ಮುಟ್ಟಿರಲಿಲ್ಲವಲ್ಲ. ಅಂದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ನಾನು ಹಾಗೆಯೇ ಉಂಡೆದ್ದೆ.

ಆಮೇಲೆ ಅವಳು ಎಂದಿನಂತೆ ಕೆಲಸಕ್ಕೆ ಬಂದಳು, ನೀರು ಕೇಳಿದಳು, ನಕ್ಕಳು. ಅತ್ಯಾ ಮಾತ್ರ ನೀರು ಕೊಟ್ಟು ತಕ್ಷಣ ಒಳಗೆ ಬಂದುಬಿಡುತ್ತಿದ್ದರು. ನಿಲ್ಲಿಸಿಕೊಂಡು ಮಾತಾಡುವುದು ನಿಂತಿತು. ಹಾಗೆ ಕೆಲವು ದಿನ ಕಳೆದ ಮೇಲೆ, ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ ಕೇಳಿದರು.

"ನಮ್ಮಾಕಿ ಇದ್ದಿದ್ರ ಏನು ಮಾಡತಿದ್ದಳು?"

ಏನು ಕೇಳುತ್ತಿದ್ದಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. "ಅದು ಮುಂದಿನ ಪುಸ್ತಕದಾಗ ಬರತದರಿ ಅತ್ಯಾ" ಎಂದೆ.

"ಹಂಗಾರ ಲಗೂ ಬರಿ" ಎಂದರು. "ನನಗೂ ವಯಸ್ಸಾತು."

ಬರೆದೆ. ಆ ಅಧ್ಯಾಯವನ್ನು ಬರೆದಷ್ಟು ಮನಸ್ಸಿಟ್ಟು ನಾನು ಏನನ್ನೂ ಬರೆದಿರಲಿಲ್ಲ. ಹಡಗಿನಲ್ಲಿ ತೂಕ ಹೋಗಿದೆ. ಎಂಜಿನ್ನಿನ ಉರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳು ಪ್ರಜ್ಞೆ ತಪ್ಪಿ ತೇಲುತ್ತ ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ. ಒಲೆಯ ಮೇಲೆ ಅನ್ನ ಕುದಿಯುತ್ತಿದೆ, ಅಡುಗೆಯಾಕೆ ಮಡಿಯಲ್ಲಿದ್ದಾಳೆ, ಕೋಲು ಕೈಯಲ್ಲಿದೆ. ದೂಡಿದರೆ ಆ ಹುಡುಗಿ ತೇಲುತ್ತ ಮತ್ತೆ ಎಂಜಿನ್ನಿನ ಬೆಂಕಿಯ ಕಡೆಗೇ ಹೋಗುತ್ತಾಳೆ. ಅಡುಗೆಯಾಕೆ ಕೋಲು ಬಿಡುತ್ತಾಳೆ. ಎರಡೂ ಕೈಯಿಂದ ಅವಳನ್ನು ಹಿಡಿದುಕೊಳ್ಳುತ್ತಾಳೆ. ಕೋಲು ತನ್ನಷ್ಟಕ್ಕೆ ತೇಲಿ ದೂರ ಹೋಗುತ್ತದೆ.

ಇನ್ನು ನಮ್ಮ ಕೆಲಸದ ರೀತಿ ಹೇಳಬೇಕು. ಮುಂಬಯಿಯ ಕಚೇರಿಯಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ. ಪ್ರತಿ ಅಧ್ಯಾಯದ ಸಾರವನ್ನು ನಾನೇ ಹಿಂದಿಯಲ್ಲಿ ನಾಲ್ಕಾರು ಸಾಲಿನಲ್ಲಿ ಬರೆದು ಕಳಿಸಬೇಕು. ಧಾರಾವಾಹಿಗೂ ಪುಸ್ತಕಕ್ಕೂ ವಿರೋಧ ಬಾರದಂತೆ ನೋಡಿಕೊಳ್ಳುವ ಒಬ್ಬ ಹೆಂಗಸು ಅದನ್ನು ಓದಿ ಸರಿ ಎಂದ ಮೇಲೆ ಮುಂದಿನ ಮಾತು. ಹಿಂದಿನ ಪುಸ್ತಕಗಳ ಸಾರದಲ್ಲಿ ನಾನು ಬರೆದಿದ್ದೆ, ಅಡುಗೆಯಾಕೆ ಅಡುಗೆ ಮುಗಿಯುವ ತನಕ ಯಾರನ್ನೂ ಮುಟ್ಟುವುದಿಲ್ಲ, ಹತ್ತಿರ ಬಂದವರನ್ನು ಕೋಲಿನಿಂದ ದೂಡುತ್ತಾಳೆ. ಅಷ್ಟೇ. ಯಾಕೆ ಎಂದು ಬರೆದಿರಲಿಲ್ಲ. ನಮ್ಮಂಥ ಮನೆಯಲ್ಲಿ ಬೆಳೆದವರಿಗೆ ಅದಕ್ಕೊಂದು 'ಯಾಕೆ' ಇದೆ, ಅದನ್ನು ಹೇಳಬೇಕು ಎಂದು ಹೊಳೆಯುವುದೂ ಇಲ್ಲ. ಸೂರ್ಯ ಮೂಡಿದ ಎಂದು ಬರೆದವರು ಯಾಕೆ ಮೂಡಿದ ಎಂದು ಬರೆಯುತ್ತಾರೆಯೇ?

ಮೂರನೆಯ ಪುಸ್ತಕದ ಸಾರ ಕಳಿಸಿದ ಮೇಲೆ ಆ ಹೆಂಗಸು ನೇರವಾಗಿ ನನಗೇ ಫೋನ್ ಮಾಡಿದಳು. ಹಿಂದಿಯಲ್ಲಿ, ಭಾಳ ಸಂತೋಷದಿಂದ ಮಾತಾಡಿದಳು. ನಿಮ್ಮ ಅಡುಗೆಯವಳನ್ನು ನಾವು ಧಾರಾವಾಹಿಗೇ ತೆಗೆದುಕೊಳ್ಳುತ್ತಿದ್ದೇವೆ ಎಂದಳು. ನನ್ನ ಎದೆ ಹಿಗ್ಗಿತು. ಅತ್ಯಾಗೆ ಹೇಗೆ ಹೇಳಲಿ ಎಂದು ಯೋಚಿಸತೊಡಗಿದೆ. ಅಷ್ಟರಲ್ಲಿ ಅವಳೆಂದಳು, ಆ ಅಡುಗೆಯವಳು ಯಾರನ್ನೂ ಮುಟ್ಟದಿರುವ ಆ ರಹಸ್ಯವಿದೆಯಲ್ಲ, ಅದ್ಭುತ, ನಮ್ಮ ಕಥೆಗಾರರು ಅದಕ್ಕೆ ಕಾರಣ ಕಂಡುಹಿಡಿದಿದ್ದಾರೆ. ಅವಳ ಮೈಯಲ್ಲಿ ಬೇರೆ ಗ್ರಹದ ಒಂದು ಸೋಂಕು ಇದೆ. ಮುಟ್ಟಿದವರು ಸಾಯುತ್ತಾರೆ.

ಸೋಂಕಲ್ಲ, ಅದು ಮಡಿ ಎಂದೆ. ಮಡಿ ಅಂದರೆ? ಮರಾಠಿಯಲ್ಲಿ ಸೋವಳೆ ಎನ್ನುತ್ತಾರೆ ಎಂದೆ. ನಾನು ಮರಾಠಿಯವಳಲ್ಲ ಎಂದಳು. ಸ್ವಚ್ಛತೆಯೇ? ಅಲ್ಲ. ಹಾಗಾದರೆ ವ್ರತವೇ? ಅದೂ ಅಲ್ಲ. ಮತ್ತೆ, ಜಾತಿಯದೋ? ಹೂಂ ಅನ್ನಲೋ ಊಹೂಂ ಅನ್ನಲೋ ತಿಳಿಯದೆ ನಿಂತೆ. ಹೂಂ ಎಂದರೆ ಅತ್ಯಾರನ್ನು ಒಂದೇ ಮಾತಿನಲ್ಲಿ ಕಟಕಟೆಗೆ ಏರಿಸಿದ ಹಾಗೆ. ಊಹೂಂ ಎಂದರೆ ಸುಳ್ಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಮಡಿಯ ಮೇಲೆ ಸಿಟ್ಟು ಬಂತು, ಫೋನಿನಲ್ಲಿ ಬಿಡಿಸಿ ಹೇಳಲಾಗದ ಒಂದು ಬದುಕನ್ನು ನಾಲ್ಕು ಸಾಲಿಗೆ ಇಳಿಸಿದ ಈ ಕೆಲಸದ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ನೋಡಿ, ಈ ಅಧ್ಯಾಯದಲ್ಲಿ ಅವಳೇ ಅದನ್ನು ಬಿಡುತ್ತಾಳೆ, ದಯವಿಟ್ಟು ಪೂರ್ತಿ ಓದಿಸಿ ಕೇಳಿ ಎಂದೆ.

ಅದೇ ತೊಂದರೆ ಎಂದಳು. ಧಾರಾವಾಹಿಯಲ್ಲಿ ಮುಟ್ಟಿದವರು ಸಾಯುತ್ತಾರೆ, ಪುಸ್ತಕದಲ್ಲಿ ಮುಟ್ಟಿಸಿಕೊಂಡವಳು ಬದುಕುತ್ತಾಳೆ, ಇದು ಹೇಗೆ ಸಾಧ್ಯ? ಬೇಕಿದ್ದರೆ ಒಂದು ದಾರಿಯಿದೆ. ಮುಟ್ಟಲಿ. ಮುಟ್ಟಿದ ಮೇಲೆ ಇಬ್ಬರೂ ಶುದ್ಧೀಕರಣದ ಕೋಣೆಗೆ ಹೋಗಿ ಮೈ ತೊಳೆದುಕೊಂಡು ಬರಲಿ. ಎಲ್ಲ ಮೊದಲಿನಂತೆ ಆಗುತ್ತದೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಮುಟ್ಟಿ, ಮೈ ತೊಳೆದುಕೊಂಡು, ಮೊದಲಿನಂತೆ ಆಗುವುದು! ನಮ್ಮ ಮನೆಯ ನಿಯಮವನ್ನೇ ಅವಳು ನನಗೆ ಮುಂಬಯಿಯಿಂದ ಹೇಳಿಕೊಡುತ್ತಿದ್ದಳು, ಅದೂ ಮಡಿ ಎಂದರೆ ಏನೆಂದು ತಿಳಿಯದೆ. ಆಗುವುದಿಲ್ಲ ಎಂದು ಫೋನ್ ಇಟ್ಟೆ.

ಮರುದಿನ ಹಿಮಾಯತ್‌ನಗರಕ್ಕೆ ಹೋದೆ. ಪ್ರಕಾಶಕರು ಒಳ್ಳೆಯವರು. ಇರಾನಿ ಚಹಾ ತರಿಸಿದರು, ನನ್ನ ಮಾತನ್ನೆಲ್ಲ ಕೇಳಿದರು, ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಅವರ ಅಜ್ಜಿಯೂ ಹೀಗೇ ಇದ್ದರಂತೆ. ಹಾಗಾದರೆ ನೀವೇ ಮುಂಬಯಿಗೆ ಹೇಳಿ ಎಂದೆ. "ಮನ ಚೇತುಲ್ಲೋ ಲೇದಮ್ಮಾ" ಎಂದು ಕೈಚೆಲ್ಲಿದರು, ನಮ್ಮ ಕೈಯಲ್ಲಿಲ್ಲ ಎಂದು. ಪಾತ್ರವನ್ನು ನೀವು ಹುಟ್ಟಿಸಿದರೂ ಅದು ಹುಟ್ಟಿದ ಕೂಡಲೇ ಕಂಪನಿಯದು, ಸಹಿ ಹಾಕಿದ್ದೀರಲ್ಲ ಎಂದರು. ನಾನು ಏರಿದ ದನಿಯಲ್ಲಿ ಏನೇನೋ ಅಂದೆ. ಕೆಳಗಿನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದವರು ಮೇಲೆ ನೋಡಿರಬೇಕು. "ಲೈಟ್ ಲೋ ಮೇಡಂ" ಎಂದರು ಕಡೆಗೆ. ಹೈದರಾಬಾದಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಹೇಳುವ ಮಾತು ಅದು, ಹಗುರಾಗಿ ತೆಗೆದುಕೊಳ್ಳಿ ಎಂದು. ಎಲ್ಲಿಯ ಹಗುರ? ನನಗೆ ಮನೆಯಲ್ಲಿ ಒಬ್ಬರು ಉತ್ತರಕ್ಕೆ ಕಾಯುತ್ತಿದ್ದರು.

ನಾನು ಮೈ ತೊಳೆಸಲು ಒಪ್ಪಲಿಲ್ಲ, ಆದ್ದರಿಂದ ಆ ಅಧ್ಯಾಯವನ್ನೇ ತೆಗೆದರು. ಅದರ ಜಾಗದಲ್ಲಿ ಯಾರ ಕೈಯಿಂದಲೋ ಬರೆಸಿದ ಎಂಜಿನ್ ದುರಸ್ತಿಯ ಅಧ್ಯಾಯವೊಂದು ಬಂತು. ಉಪ್ಪಿಲ್ಲ, ಹುಳಿಯಿಲ್ಲ. ಪುಸ್ತಕ ಬಂದಾಗ ಅತ್ಯಾ ಮಂಚದ ಮೇಲೆ ಕಾಲು ಮಡಿಸಿ ಕೂತು, ಓದು ಎಂದರು. ಅವತ್ತು ತೂಕಡಿಸಲೇ ಇಲ್ಲ. ಎಂಜಿನ್ನಿನ ಪುಟಗಳನ್ನೂ ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ, "ನಮ್ಮಾಕಿದು ಎಲ್ಲಿ ಅದ?" ಎಂದರು.

"ಈ ಪುಸ್ತಕದಾಗ ಬರಲಿಲ್ಲರಿ."

"ಮುಂದಿನದರಾಗ?"

ನಾನು ಪುಸ್ತಕ ಮುಚ್ಚಿ ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತ ತೊಳೆದೆ. ಅತ್ಯಾ ಮತ್ತೆ ಕೇಳಲಿಲ್ಲ. ಆದರೆ ನಾನು ಬರೆಯಲು ಕೂತಾಗಲೆಲ್ಲ ಬಾಗಿಲ ಹತ್ತಿರ ಒಮ್ಮೆ ಬಂದು ಹೋಗುತ್ತಿದ್ದರು. ನಾನು ಬರೆಯುತ್ತಿದ್ದುದು ಮತ್ತೆ ಔಷಧಿ ಚೀಟಿಗಳನ್ನು. ಪುಸ್ತಕ ಮಾಲೆಯ ಕೆಲಸ ಬಿಟ್ಟಿದ್ದೆ. ಅದನ್ನು ಅತ್ಯಾಗೆ ಹೇಳುವ ಬಾಯಿ ಬಂದಿರಲಿಲ್ಲ.

ಧಾರಾವಾಹಿಯ ಹೊಸ ಸರಣಿ ಶುರುವಾಗಿ ಕೆಲವು ವಾರಗಳಾದ ಮೇಲೆ ಅವರ ಅಡುಗೆಯಾಕೆ ಟಿವಿಯಲ್ಲಿ ಬಂದಳು. ಊಟವಾಗಿತ್ತು, ಮಧ್ಯಾಹ್ನದ ಮರುಪ್ರಸಾರ. ಅತ್ಯಾ ತಮ್ಮ ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಬೆಳ್ಳಿ ಬಣ್ಣದ ಬಿಗಿ ಉಡುಪಿನ ಒಬ್ಬ ತರುಣಿ, ಕೈಯಲ್ಲಿ ಮಿಂಚು ಹೊಡೆಯುವ ಸರಳು, ಉಗುರಿಗೆ ಕಪ್ಪು ಬಣ್ಣ. ಅಡುಗೆಮನೆ ಇರಲಿಲ್ಲ, ಗುಂಡಿ ಒತ್ತಿದರೆ ತಟ್ಟೆ ಬರುವ ಒಂದು ಗೋಡೆ ಇತ್ತು.

"ಇಕಿ ಯಾರು?" ಎಂದರು ಅತ್ಯಾ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ನನಗೆ ಹೊಟ್ಟೆ ಉರಿಯುತ್ತಿತ್ತು. "ಇಕಿನ ನಮ್ಮಾಕಿ ಅಂತರಿ" ಎಂದೆ.

ಅತ್ಯಾ ಮುಂದೆ ಬಾಗಿ ನೋಡಿದರು. ಅಷ್ಟರಲ್ಲಿ ಒಬ್ಬ ಕಾವಲುಗಾರ ಆ ತರುಣಿಯ ತೋಳು ಹಿಡಿದ, ಹಿಡಿದ ಕೂಡಲೇ ಮೈ ನೀಲಿಯಾಗಿ ಬಿದ್ದ. ನಾಯಕಿ ಅವಳನ್ನು ಗಾಜಿನ ಕೋಣೆಯೊಳಗೆ ಹಾಕಿ ಬೀಗ ಜಡಿಸಿದಳು. ಗಾಜಿನ ಒಳಗಿನಿಂದ ಅವಳು ಎರಡೂ ಅಂಗೈ ಊರಿ ಹೊರಗೆ ನೋಡುತ್ತಿದ್ದಳು. ಹೊರಗೆ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಬದುಕಿದೆವು ಎನ್ನುತ್ತಿದ್ದರು. ಜಾಹೀರಾತು ಬಂತು.

"ಮುಟ್ಟಿದ್ರ ಸಾಯ್ತಾರಂತ" ಎಂದರು ಅತ್ಯಾ, ಮೆಲ್ಲಗೆ.

"ಅವರು ಹಂಗ ತಿಳಕೊಂಡಾರರಿ. ನಾ ಹಂಗ ಬರದಿಲ್ಲ."

"ಮತ್ತ ನೀ ಏನು ಬರದಿದ್ದಿ? ಅದು ಎಲ್ಲಿ ಅದ?"

ಕಪಾಟಿನ ಮೇಲಿನಿಂದ ಆ ಹಾಳೆಗಳನ್ನು ತಂದೆ. ಇದು ಅಚ್ಚಾಗುವುದಿಲ್ಲ, ಬೇರೆಯವರ ಸ್ವತ್ತು, ನಾನು ಕೆಲಸವನ್ನೂ ಬಿಟ್ಟಿದ್ದೇನೆ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅತ್ಯಾ ಟಿವಿ ಆರಿಸಿದರು. 

ಓದಿದೆ. ಪಕ್ಕದ ಕಟ್ಟಡದಲ್ಲಿ ಕಲ್ಲು ಕೊರೆಯುವ ಸದ್ದು ಇತ್ತು, ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಓದಿದೆ. ಹುಡುಗಿ ತೇಲುತ್ತ ಬಂದಾಗ ಅತ್ಯಾ ಕುರ್ಚಿಯ ಕೈ ಹಿಡಿದುಕೊಂಡರು. ಅಡುಗೆಯಾಕೆ ಕೋಲು ಬಿಟ್ಟಾಗ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಳು ಆ ಹುಡುಗಿಯ ತಲೆಯನ್ನು ತನ್ನ ಮಡಿ ಸೀರೆಗೆ ಒರಗಿಸಿಕೊಂಡು ಬಾಯಿಗೆ ನೀರು ಬಿಡುತ್ತಾಳೆ. ತೂಕ ಮರಳಿ ಬರುತ್ತದೆ. ಇಬ್ಬರೂ ನೆಲಕ್ಕೆ ಇಳಿದು ಕೂರುತ್ತಾರೆ. ಅನ್ನ ಕುದಿಯುತ್ತಿರುತ್ತದೆ. ಅಲ್ಲಿಗೆ ನಿಲ್ಲಿಸಿದ್ದೆ.

ಅತ್ಯಾ ಕಣ್ಣು ಒರೆಸಿಕೊಳ್ಳಲಿಲ್ಲ, ಅವರು ಅಳುವವರಲ್ಲ. ಆಮೇಲೆ ಕೇಳಿದರು.

"ಮುಟ್ಟಿದ ಮ್ಯಾಲ ಮತ್ತ ಸ್ನಾನ ಮಾಡಿದಳೇನು?"

ಮುಂಬಯಿಯವಳು ಕೇಳಿದ್ದೂ ಇದನ್ನೇ. ಇಷ್ಟು ಜಗಳವಾಡಿ, ಕೆಲಸ ಬಿಟ್ಟು, ಕಡೆಗೆ ನನ್ನ ಮನೆಯಲ್ಲೇ ಅದೇ ಪ್ರಶ್ನೆ. 

"ಬರದಿಲ್ಲರಿ" ಎಂದೆ, ಬೇಕೆಂದೇ ಒರಟಾಗಿ. "ಬರೀಬೇಕೇನು?"

ಅತ್ಯಾ ಅಡುಗೆಮನೆಯ ಕಡೆ ನೋಡಿದರು. ಗಳದ ಮೇಲೆ ನಾಳೆಯ ಮಡಿ ಸೀರೆ ಒಣಗುತ್ತಿತ್ತು.

"ಬ್ಯಾಡ" ಎಂದರು. "ಅಷ್ಟೊತ್ತಿಗೆ ಅನ್ನ ಆಗಿರತದ. ಇಬ್ಬರಿಗೂ ತಾಟು ಹಾಕಿದಳು ಅಂತ ಬರಿ."

ಪೆನ್ನು ತಂದು ಹಾಳೆಯ ಕೆಳಗೆ ಹಾಗೆಯೇ ಬರೆದೆ. ಬರೆದು ಮುಗಿಸುವ ತನಕ ಅತ್ಯಾ ನನ್ನ ಕೈಯನ್ನೇ ನೋಡುತ್ತ ಕೂತಿದ್ದರು.